ಗಾಯಗೊಂಡ ಬಾಲ್ಯಕ್ಕೆ ಸರ್ಕಾರದ ಹಣ ಬಂದ ದಾರಿ

ಪೆಟ್ಟು ತಿಂದ ಮಗುವಿನ ಮನಸ್ಸಿನ ಆರೈಕೆಗೆ, ಆ ಆರೈಕೆ ಮಾಡುವವರ ತರಬೇತಿಗೆ ಸರ್ಕಾರ ಹಣ ತೆಗೆದಿಡುವುದು ಕರ್ನಾಟಕದಲ್ಲಿ ತೀರಾ ಈಚಿನ ಪದ್ಧತಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಂಥ ಊರುಗಳಲ್ಲಿ ಆಡಳಿತದ ಕಣ್ಣಿಗೆ ಮೊದಲು ಬಿದ್ದದ್ದು ಮಗುವಿನ ದುಡಿಮೆ. ಆಮೇಲೆ ಅದರ ಶಾಲೆ, ಊಟ, ವಸತಿ. ಅದು ಉಂಡ ಭಯಕ್ಕೂ ಅವಮಾನಕ್ಕೂ ಆರೈಕೆ ಬೇಕೆಂಬುದು ಸರ್ಕಾರದ ಲೆಕ್ಕಪತ್ರದೊಳಗೆ ಬರುವಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ಬೆಳೆದು ದೊಡ್ಡವರಾಗಿದ್ದರು.

ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಾದ ರೇಷ್ಮೆಗೂಡು ಬಿಸಿನೀರಿನಲ್ಲಿ ಬೆಂದು ನೂಲಾಗುತ್ತದೆ. ನೂಲು ಹುರಿ ಯಂತ್ರಕ್ಕೆ ಹೋಗುತ್ತದೆ. 1990ರ ದಶಕದಲ್ಲಿ ಈ ಎರಡೂ ಕೆಲಸಗಳಲ್ಲಿ ಮಕ್ಕಳಿದ್ದರು. ಬೋಗುಣಿಯೊಳಗೆ ಎಳೆ ಹುಡುಕುವ ಬೆರಳುಗಳು ಬೆಂದು ಬಿಳಿಚಿಕೊಂಡು ಸುಲಿಯುತ್ತಿದ್ದವು. ಹುರಿ ಯಂತ್ರಗಳ ಸದ್ದಿನ ನಡುವೆ ದಿನವಿಡೀ ನಿಂತು ತುಂಡಾದ ಎಳೆಗಳಿಗೆ ಗಂಟು ಹಾಕಬೇಕಿತ್ತು. ಮದುವೆಗೋ ಕಾಯಿಲೆಗೋ ಹೆತ್ತವರು ಪಡೆದ ಮುಂಗಡಕ್ಕೆ ಮಗುವೇ ಒತ್ತೆ. ಜೀತ ಪದ್ಧತಿಯನ್ನು ರದ್ದುಪಡಿಸುವ ಕಾಯ್ದೆ 1976ರಲ್ಲೇ ಬಂದಿತ್ತು. ಆದರೂ ಹ್ಯೂಮನ್ ರೈಟ್ಸ್ ವಾಚ್ 1996ರಲ್ಲಿ, ಮತ್ತೆ 2003ರಲ್ಲಿ ಪ್ರಕಟಿಸಿದ ವರದಿಗಳಲ್ಲಿ ಕರ್ನಾಟಕದ ರೇಷ್ಮೆ ಉದ್ಯಮದ ಜೀತದ ಮಕ್ಕಳು ಕಾಣಿಸಿಕೊಂಡರು.

ಇಂಥ ಮಕ್ಕಳಿಗಾಗಿ ಕೇಂದ್ರ ಸರ್ಕಾರ 1988ರಲ್ಲಿ ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆಯನ್ನು ಆರಂಭಿಸಿತ್ತು. ಈ ನಾಲ್ಕೂ ತಾಲ್ಲೂಕುಗಳು ಆಗ ಸೇರಿದ್ದ ಬೆಂಗಳೂರು ಗ್ರಾಮಾಂತರ ಜಿಲ್ಲೆಗೂ ಅದು ಮುಂದೆ ಬಂತು: ವಿಶೇಷ ಶಾಲೆ, ಮಧ್ಯಾಹ್ನದ ಊಟ, ಕಸುಬಿನ ತರಬೇತಿ, ತಿಂಗಳಿಗೊಂದಿಷ್ಟು ಶಿಷ್ಯವೇತನ. 1996ರ ಡಿಸೆಂಬರ್ 10ರಂದು ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಗುವನ್ನು ಅಪಾಯಕಾರಿ ಕೆಲಸಕ್ಕಿಟ್ಟ ಮಾಲೀಕ ಒಂದೊಂದು ಮಗುವಿಗೂ 20,000 ರೂಪಾಯಿ ಕಟ್ಟಬೇಕು, ಕುಟುಂಬಕ್ಕೆ ಬೇರೆ ಕೆಲಸ ಕೊಡಿಸಲಾಗದಿದ್ದರೆ ಸರ್ಕಾರ 5,000 ಸೇರಿಸಬೇಕು ಎಂದಿತು. ದೊಡ್ಡ ಹೆಜ್ಜೆಯೇ ಸರಿ. ಆದರೆ ರಾತ್ರಿ ಬೆಚ್ಚಿ ಏಳುವ, ಗದರಿದರೆ ಮೈ ಮುದುಡಿಕೊಳ್ಳುವ ಮಗುವಿಗೆ ಏನು ಮಾಡಬೇಕೆಂಬುದು ಈ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ. ಬಿಡುಗಡೆಯಾದ ಮಗು ಶಾಲೆಯ ಬೆಂಚಿನ ಮೇಲೆ ಕೂತರೆ ಕೆಲಸ ಮುಗಿಯಿತೆಂದು ತಿಳಿದದ್ದು ಆ ಕಾಲದ ದೊಡ್ಡ ಕೊರತೆ.

ಆ ಕೊರತೆ ತುಂಬುವ ತಿಳಿವಳಿಕೆ ಐವತ್ತು-ಅರವತ್ತು ಕಿಲೋಮೀಟರ್ ದೂರದಲ್ಲೇ ಬೆಳೆಯುತ್ತಿತ್ತು. 1974ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನಲ್ಲಿ ಮನೋವಿಜ್ಞಾನಿ ಮಾಳವಿಕಾ ಕಪೂರ್ ಅವರಂಥವರು ಶಾಲಾ ಶಿಕ್ಷಕರನ್ನೇ ಮಕ್ಕಳ ಮನಸ್ಸಿನ ಮೊದಲ ಆಸರೆಯಾಗಿ ಸಿದ್ಧಗೊಳಿಸತೊಡಗಿದ್ದರು. ಒಡಿಶಾದ ಚಂಡಮಾರುತ (1999), ಗುಜರಾತಿನ ಭೂಕಂಪ (2001), ಸುನಾಮಿ (2004) ಈ ಪಾಠವನ್ನು ಇನ್ನಷ್ಟು ಗಟ್ಟಿ ಮಾಡಿದವು. ಸಾವಿರಾರು ಮಕ್ಕಳಿಗೆ ಬೆರಳೆಣಿಕೆಯ ಮನೋವೈದ್ಯರು ಸಾಲರು. ಊರಿನ ಕಾರ್ಯಕರ್ತರಿಗೆ ಕಲಿಸಿದರೆ ಆರೈಕೆ ಮನೆಬಾಗಿಲಿಗೆ ಹೋಗುತ್ತದೆ. ಅಮೆರಿಕದಲ್ಲಿ 1998ರ ಒಂದು ಹೆಸರಾಂತ ಅಧ್ಯಯನ ಬಾಲ್ಯದ ನೋವಿಗೂ ದೊಡ್ಡವರಾದ ಮೇಲಿನ ರೋಗಗಳಿಗೂ ನಂಟಿದೆಯೆಂದು ತೋರಿಸಿತ್ತು. ಮಕ್ಕಳ ಆಘಾತ ಚಿಕಿತ್ಸಾ ಕೇಂದ್ರಗಳನ್ನು ಹೆಣೆಯುವ ರಾಷ್ಟ್ರೀಯ ಜಾಲಕ್ಕೆ ಅಲ್ಲಿನ ಸಂಸತ್ತು 2000ದಲ್ಲೇ ದಾರಿ ಮಾಡಿಕೊಟ್ಟಿತು.

ಭಾರತದಲ್ಲಿ ಹಣಕ್ಕೊಂದು ಕಾಲುವೆ ತೋಡಿದ್ದು 2009-10ರ ಸಮಗ್ರ ಮಕ್ಕಳ ರಕ್ಷಣಾ ಯೋಜನೆ. ಪ್ರತಿ ಜಿಲ್ಲೆಗೂ ಒಂದು ಮಕ್ಕಳ ರಕ್ಷಣಾ ಘಟಕ, ಅದರಲ್ಲಿ ರಕ್ಷಣಾಧಿಕಾರಿಗಳು, ಸಮಾಜ ಕಾರ್ಯಕರ್ತರು, ಒಬ್ಬ ಆಪ್ತಸಮಾಲೋಚಕ. 2007ರಲ್ಲಿ ಪ್ರತ್ಯೇಕವಾಗಿದ್ದ ರಾಮನಗರ ಜಿಲ್ಲೆಯ ಪಾಲಿಗೂ ಇಂಥದೊಂದು ಘಟಕ ಬಂತು. ಗಮನಿಸಬೇಕಾದದ್ದು, ಆಗಿನ ನಾಲ್ಕು ತಾಲ್ಲೂಕಿಗೂ ಸೇರಿ ಆಪ್ತಸಮಾಲೋಚಕ ಹುದ್ದೆ ಒಂದೇ. 2012ರ ನವೆಂಬರಿನಲ್ಲಿ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಜಾರಿಯಾದ ಮೇಲೆ ದೌರ್ಜನ್ಯಕ್ಕೊಳಗಾದ ಮಕ್ಕಳು ವ್ಯವಸ್ಥೆಯ ಮುಂದೆ ಬರುವುದು ಹೆಚ್ಚಿತು. ಅವರೊಡನೆ ಮಾತಾಡಲು ಬಲ್ಲವರು ಹೆಚ್ಚಲಿಲ್ಲ.

2014ರಲ್ಲಿ ರಾಜ್ಯದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ನೆರವಿನಿಂದ ನಿಮ್ಹಾನ್ಸ್ ಸಮುದಾಯ ಮಟ್ಟದ ಮಕ್ಕಳ ಮಾನಸಿಕ ಆರೋಗ್ಯ ಯೋಜನೆಯನ್ನು ಶುರುಮಾಡಿತು. ಬೆಂಗಳೂರಿನ ಅಂಗನವಾಡಿ, ಸರ್ಕಾರಿ ಶಾಲೆ, ಆರೋಗ್ಯ ಕೇಂದ್ರ, ಬಾಲಮಂದಿರಗಳೇ ಅದರ ಪ್ರಯೋಗಶಾಲೆ. ಡಾ. ಶೇಖರ್ ಶೇಷಾದ್ರಿ ಮತ್ತು ಶೀಲಾ ರಾಮಸ್ವಾಮಿ ಅವರ ತಂಡ ರೂಪಿಸಿದ ತರಬೇತಿ ಪಾಠಪಟ್ಟಿಯಿಂದ ಆರಂಭವಾಗುವುದಿಲ್ಲ. ಬಂದವರೆಲ್ಲ ಮೊದಲು ತಮ್ಮ ಬಾಲ್ಯದ ನೆನಪೊಂದಕ್ಕೆ ಮರಳಬೇಕು. ಮಗುವಿನ ನಡವಳಿಕೆಯನ್ನು ಓದುವುದು ಆಮೇಲೆ. ಬಾಲಮಂದಿರದ ಹುಡುಗನೊಬ್ಬ ದಿಂಬಿನಡಿ ಚಪಾತಿ ಬಚ್ಚಿಡುತ್ತಾನೆ ಎನ್ನೋಣ. ಮೇಲ್ವಿಚಾರಕರ ಬಾಯಲ್ಲಿ ಅದು ‘ಕಳ್ಳತನ’. ತರಬೇತಿ ಪಡೆದವರು ಹಿಂದಕ್ಕೆ ಹೋಗುತ್ತಾರೆ: ಅವನು ಎಂಥ ಮನೆಯಿಂದ ಬಂದ, ಅಲ್ಲಿ ಏನು ಅನುಭವಿಸಿದ, ಆ ಅನುಭವ ಅವನೊಳಗೆ ಯಾವ ಮಾತಾಗಿ ಉಳಿದಿದೆ? ‘ನಾಳೆ ಊಟ ಸಿಗದಿರಬಹುದು’ ಎಂಬ ಒಳದನಿ ಕೇಳಿಸಿದರೆ ಶಿಕ್ಷೆಯ ಪ್ರಶ್ನೆಯೇ ಬಿದ್ದುಹೋಗುತ್ತದೆ.

ಇದೇ ಕೆಲಸದ ಬುನಾದಿಯ ಮೇಲೆ 2020ರಲ್ಲಿ, ಕೋವಿಡ್ ನಡುವೆಯೇ, ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಹಣದಿಂದ ನಿಮ್ಹಾನ್ಸ್‌ನಲ್ಲಿ ‘ಸಂವಾದ್’ ಹುಟ್ಟಿತು. ಮಕ್ಕಳ ರಕ್ಷಣೆ, ಮಾನಸಿಕ ಆರೋಗ್ಯ, ಶಿಕ್ಷಣ, ಕಾನೂನು ಎಂದು ಹರಿದು ಹಂಚಿಹೋಗಿದ್ದ ಕೆಲಸಗಳನ್ನು ಒಂದೆಡೆ ತಂದ ರಾಷ್ಟ್ರಮಟ್ಟದ ಸಂಪನ್ಮೂಲ ಕೇಂದ್ರವಿದು. ಮಕ್ಕಳ ರಕ್ಷಣಾ ಸಿಬ್ಬಂದಿ, ದೂರವಾಣಿ ಸಮಾಲೋಚಕರು, ಶಿಕ್ಷಕರು, ವಕೀಲರು ಸೇರಿ ಮೊದಲ ವರ್ಷದಲ್ಲೇ ಸುಮಾರು 1 ಲಕ್ಷ ಮಂದಿಯನ್ನು ಅದು ಮುಟ್ಟಿತೆಂದು ಸಚಿವಾಲಯ ಹೇಳಿತು.

ಸಮನ್ವಯ ಯಾಕಷ್ಟು ಮುಖ್ಯ ಎಂಬುದು ಒಂದು ಪ್ರಕರಣದ ಹಾದಿ ನೋಡಿದರೆ ತಿಳಿಯುತ್ತದೆ. ಕನಕಪುರದ ಹಳ್ಳಿಯೊಂದರ ಹುಡುಗಿ ಟೀಚರ್ ಬಳಿ ಬಾಯಿಬಿಟ್ಟಳೆಂದರೆ, ಮಕ್ಕಳ ಸಹಾಯವಾಣಿ 1098ಕ್ಕೋ ಠಾಣೆಗೋ ಸುದ್ದಿ ಹೋಗಬೇಕು. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಸಮಿತಿ ಬೆಂಬಲ ವ್ಯಕ್ತಿಯೊಬ್ಬರನ್ನು ಗೊತ್ತುಮಾಡಬಹುದು. ಆಸ್ಪತ್ರೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು, ವಿಶೇಷ ನ್ಯಾಯಾಲಯ ಇದ್ದೇ ಇವೆ. ಶಿಕ್ಷಣ, ಗೃಹ, ಆರೋಗ್ಯ, ಮಕ್ಕಳ ಅಭಿವೃದ್ಧಿ ಎಂದು ಇಲಾಖೆಗಳೂ ಬೇರೆ, ಹಣದ ಮೂಲಗಳೂ ಬೇರೆ. ಒಬ್ಬರಿಗೊಬ್ಬರು ಮಾತಾಡದಿದ್ದರೆ ಆ ಹುಡುಗಿ ಒಂದೇ ಕಥೆಯನ್ನು ಮೇಜಿನಿಂದ ಮೇಜಿಗೆ ಹೇಳುತ್ತಾ ಹೋಗಬೇಕು. ಪ್ರತಿ ಸಲವೂ ಗಾಯ ಮತ್ತೆ ಬಿಚ್ಚುತ್ತದೆ.

ಹಳೆಯ ರಕ್ಷಣಾ ಯೋಜನೆ ಈಗ ‘ಮಿಷನ್ ವಾತ್ಸಲ್ಯ’. ವೆಚ್ಚ ಕೇಂದ್ರ ಮತ್ತು ರಾಜ್ಯದ ನಡುವೆ 60:40. ಮನೆಯಲ್ಲೇ ಉಳಿದು ಬೆಳೆಯುವ ಸಂಕಷ್ಟದ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಇದರಡಿ ಸಿಗುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416 ಸಂಖ್ಯೆಯಲ್ಲಿ, ಕನ್ನಡದಲ್ಲೂ ಸಿಗುತ್ತದೆ. ಆದರೆ ಇಡೀ ದೇಶದ ವಾತ್ಸಲ್ಯಕ್ಕೆ ಕೇಂದ್ರ ಬಜೆಟ್ 2022-23ರಲ್ಲಿ ಇಟ್ಟ 1,472 ಕೋಟಿ ರೂಪಾಯಿ 2024-25ರ ಬಜೆಟ್ಟಿನಲ್ಲೂ ಅಷ್ಟೇ ಇತ್ತು. 2025-26ಕ್ಕೆ 1,500 ಕೋಟಿಯಾಯಿತು. ಅದೇ 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಬಂತು. ತಾಲ್ಲೂಕಿಗೊಬ್ಬರಂತೆ ತರಬೇತಿ ಪಡೆದ ಆಪ್ತಸಮಾಲೋಚಕರನ್ನು ಕೊಡುವುದು ವಾತ್ಸಲ್ಯದ ಸಿಬ್ಬಂದಿ ಪಟ್ಟಿಯಲ್ಲಿ ಇನ್ನೂ ಸೇರಿಲ್ಲ.