ಪರಾಗಜ್ವರದ ಕಾರಣಶೋಧನೆ: ಒಂದು ಚಾರಿತ್ರಿಕ ಸಮೀಕ್ಷೆ

ಹೇ ಫೀವರ್ ಎಂಬ ಇಂಗ್ಲಿಷ್ ಹೆಸರಿಗೆ ಒಣಹುಲ್ಲಿನ ಜ್ವರವೆಂದು ಶಬ್ದಾರ್ಥ. ಆದರೆ ಈ ವ್ಯಾಧಿಯಲ್ಲಿ ಜ್ವರ ಬರುವುದಿಲ್ಲ. ಒಣಹುಲ್ಲು ಇದರ ಮೂಲಕಾರಣವೂ ಅಲ್ಲ. ವರ್ಷದ ನಿಯತಕಾಲದಲ್ಲಿ ಮೇಲಿಂದ ಮೇಲೆ ಬರುವ ಸೀನು, ನೀರಿನಂತೆ ಸುರಿಯುವ ಮೂಗು, ಕಣ್ಣಿನ ನವೆ, ಇವು ಇದರ ಲಕ್ಷಣಗಳು. ಗಾಳಿಯಲ್ಲಿ ತೇಲಿಬರುವ ಪರಾಗರೇಣುಗಳೇ ಕಾರಣವಾದುದರಿಂದ ಪ್ರಕೃತ ಲೇಖನದಲ್ಲಿ ಇದನ್ನು ಪರಾಗಜ್ವರವೆಂದು ಕರೆದಿದೆ. ವೈದ್ಯರು ಈ ವ್ಯಾಧಿಯನ್ನು ಸ್ಪಷ್ಟವಾಗಿ ವರ್ಣಿಸಿದ ಮೇಲೂ ಕಾರಣವು ಸಿದ್ಧಪಡಲು ಅರ್ಧ ಶತಮಾನ ಹಿಡಿಯಿತು. ಆ ವಿಳಂಬದ ಕಥೆ ವೈದ್ಯರಿಗೆ ಮಾತ್ರವಲ್ಲದೆ, ಸಾಕ್ಷ್ಯವನ್ನು ತೂಗಿ ನೋಡಬೇಕಾದ ಚರಿತ್ರೆಯ ವಿದ್ಯಾರ್ಥಿಗಳಿಗೂ ಬೋಧಪ್ರದವಾಗಿದೆ.

1819ರ ಮಾರ್ಚ್ 16ರಂದು ಜಾನ್ ಬಾಸ್ಟಾಕ್ ಎಂಬ ವೈದ್ಯನು ಲಂಡನ್ನಿನ ವೈದ್ಯರ ಸಂಘವೊಂದರಲ್ಲಿ ಒಬ್ಬ ರೋಗಿಯ ವೃತ್ತಾಂತವನ್ನು ಓದಿದನು. ಬಾಲ್ಯದಿಂದಲೂ ಪ್ರತಿವರ್ಷ ಜೂನ್ ತಿಂಗಳ ಸುಮಾರಿಗೆ ಕಣ್ಣು, ಮೂಗು, ಎದೆಗಳ ಬಾಧೆಯಿಂದ ನರಳುತ್ತಿದ್ದ ಆ ರೋಗಿಯು ಬೇರೆ ಯಾರೂ ಅಲ್ಲ, ಸ್ವತಃ ಬಾಸ್ಟಾಕನೇ. ಒಂಬತ್ತು ವರ್ಷಗಳ ತರುವಾಯ, 1828ರಲ್ಲಿ, ಆತನು ಒಟ್ಟು 28 ರೋಗಿಗಳ ವಿವರಗಳನ್ನು ಕಲೆಹಾಕಿ ಎರಡನೆಯ ಲೇಖನವನ್ನು ಪ್ರಕಟಿಸಿದನು. ಅಷ್ಟರಲ್ಲಿ ಒಣಹುಲ್ಲಿನ ವಾಸನೆಯೇ ಈ ಬಾಧೆಗೆ ಕಾರಣವೆಂಬ ನಂಬಿಕೆ ಜನರಲ್ಲಿ ಹಬ್ಬಿದ್ದಿತು. ಹೇ ಫೀವರ್ ಎಂಬ ಹೆಸರು ಹುಟ್ಟಿದ್ದೂ ಆ ನಂಬಿಕೆಯಿಂದಲೇ. ಬಾಸ್ಟಾಕನು ಅದನ್ನು ಒಪ್ಪಲಿಲ್ಲ. ಬೇಸಗೆಯ ಬಿಸಿಲು ಮತ್ತು ಸೆಕೆ ಇದಕ್ಕೆ ಕಾರಣವೆಂದು ಆತನು ತೀರ್ಮಾನಿಸಿದನು. ಕಡಲತೀರದ ರಾಮ್ಸ್‌ಗೇಟ್ ಪಟ್ಟಣದಲ್ಲಿ ಬೇಸಗೆಯನ್ನು ಕಳೆದಾಗ ಆತನಿಗೆ ಬಾಧೆ ಕಡಮೆಯಾಗಿದ್ದಿತು. ಕಡಲಿನ ಗಾಳಿ ತಂಪಾದುದು. ಅದರಲ್ಲಿ ಹುಲ್ಲಿನ ಪರಾಗವೂ ವಿರಳ. ಇವೆರಡರಲ್ಲಿ ಉಪಶಮನವನ್ನು ತಂದುದು ಯಾವುದು ಎಂಬುದನ್ನು ಅನುಭವಮಾತ್ರದಿಂದ ನಿರ್ಣಯಿಸುವಂತಿರಲಿಲ್ಲ.

ಇವೆರಡನ್ನು ಬೇರ್ಪಡಿಸುವ ಕಾರ್ಯವನ್ನು ಕೈಗೊಂಡವನು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ. ಈತನೂ ಇದೇ ವ್ಯಾಧಿಯಿಂದ ಬಳಲುತ್ತಿದ್ದ ವೈದ್ಯನೇ. ಬಿಸಿಲು, ಬೆಳಕು, ಧೂಳು, ಓಜೋನ್, ಒಣಹುಲ್ಲಿಗೆ ಸುವಾಸನೆಯನ್ನು ಕೊಡುವ ಕೂಮರಿನ್, ಹೀಗೆ ಆರೋಪಕ್ಕೊಳಗಾದ ಒಂದೊಂದನ್ನೂ ಆತನು ಪರೀಕ್ಷಿಸಿದನು. ಬಳಿಕ ಪರಾಗವನ್ನು ತನ್ನ ಮೂಗಿಗೂ ಕಣ್ಣಿಗೂ ಗೀರಿದ ಚರ್ಮಕ್ಕೂ ತಾಕಿಸಿ, ವ್ಯಾಧಿಯ ಲಕ್ಷಣಗಳನ್ನು ತನ್ನ ದೇಹದಲ್ಲಿಯೇ ಬರಿಸಿಕೊಂಡನು. ಅಂಟುದ್ರವವನ್ನು ಸವರಿದ ಗಾಜಿನ ಪಟ್ಟಿಗಳನ್ನು ಬಯಲಿನಲ್ಲಿಟ್ಟು, ಅವುಗಳ ಮೇಲೆ ಕೂತ ರೇಣುಗಳನ್ನು ಎಣಿಸಿ, ಆ ಎಣಿಕೆಯ ಏರಿಳಿತವನ್ನು ತನ್ನ ಬಾಧೆಯ ಏರಿಳಿತದೊಡನೆ ಹೋಲಿಸಿದನು. ಗಾಳಿಪಟಗಳಿಗೆ ಇಂಥ ಪಟ್ಟಿಗಳನ್ನು ಕಟ್ಟಿ ಹಾರಿಸಿ, ಬಹಳ ಎತ್ತರದಲ್ಲಿಯೂ ಪರಾಗವಿರುವುದನ್ನು ತೋರಿಸಿದನು. ಇವೆಲ್ಲದರ ಫಲವನ್ನು 1873ರಲ್ಲಿ ಗ್ರಂಥರೂಪದಲ್ಲಿ ಹೊರತಂದನು.

ಇದರಿಂದ ಜನರ ನಂಬಿಕೆಯೂ ವಿದ್ವಾಂಸನ ನಿರಾಕರಣೆಯೂ ಅರ್ಧಸತ್ಯಗಳೆಂಬುದು ವಿದಿತವಾಯಿತು. ಜನರು ಹುಲ್ಲನ್ನು ಸರಿಯಾಗಿಯೇ ಗುರುತಿಸಿದ್ದರು. ಆದರೆ ಕಣ್ಣಿಗೆ ಕಾಣದ ಪರಾಗವನ್ನು ಬಿಟ್ಟು ಮೂಗಿಗೆ ತಿಳಿಯುವ ವಾಸನೆಯನ್ನು ಹಿಡಿದಿದ್ದರು. ಬಾಸ್ಟಾಕನು ವಾಸನೆಯನ್ನು ತಳ್ಳಿಹಾಕುವಾಗ ಅದರೊಡನೆ ಹುಲ್ಲನ್ನೂ ತಳ್ಳಿಬಿಟ್ಟನು.

ಇನ್ನು ಚಿಕಿತ್ಸೆಯ ವಿಷಯ. 1911ರಲ್ಲಿ ಲಂಡನ್ನಿನ ಲೆನರ್ಡ್ ನೂನ್ ಎಂಬಾತನು ಹುಲ್ಲಿನ ಪರಾಗಸಾರವನ್ನು ಅಲ್ಪಪ್ರಮಾಣದಿಂದ ಮೊದಲುಮಾಡಿ ಕ್ರಮೇಣ ಹೆಚ್ಚಿಸುತ್ತ ಚುಚ್ಚುವ ವಿಧಾನವನ್ನು ಪ್ರಕಟಿಸಿದನು. ಪರಾಗದಲ್ಲಿ ವಿಷವಿದೆಯೆಂಬ ಆತನ ಗ್ರಹಿಕೆ ತಪ್ಪಾಗಿದ್ದರೂ ವಿಧಾನವು ಉಳಿದುಕೊಂಡಿತು. ನಿರಪಾಯಕರವಾದ ಪರಾಗವನ್ನು ದೇಹದ ರಕ್ಷಣಾವ್ಯವಸ್ಥೆಯು ಶತ್ರುವೆಂದು ಭ್ರಮಿಸಿ ಹಿಸ್ಟಮಿನ್ ಮೊದಲಾದ ದ್ರವ್ಯಗಳನ್ನು ಹೊರಹಾಕುವುದೇ ಬಾಧೆಯ ಮೂಲವೆಂಬುದು ಈಗ ತಿಳಿದಿದೆ. ಇದನ್ನೇ ಒಗ್ಗದಿಕೆ ಅಥವಾ ಅಲರ್ಜಿ ಎನ್ನುವುದು.

ಈ ಚರಿತ್ರೆಯು ನಮ್ಮ ನಾಡಿಗೂ ಸಂಬಂಧಿಸಿದೆ. 1950ರ ದಶಕದಲ್ಲಿ ಪುಣೆಯ ಬಳಿ ಗಮನಕ್ಕೆ ಬಂದು ದೇಶವನ್ನೆಲ್ಲ ವ್ಯಾಪಿಸಿದ ಪಾರ್ಥೇನಿಯಂ, ಎಂದರೆ ನಮ್ಮವರು ಕಾಂಗ್ರೆಸ್ ಗಿಡವೆನ್ನುವ ಕಳೆ, ಚರ್ಮದ ತುರಿಕೆಯನ್ನಷ್ಟೇ ಅಲ್ಲದೆ ತನ್ನ ಪರಾಗದಿಂದ ಮೂಗಿನ ಒಗ್ಗದಿಕೆಯನ್ನೂ ಉಂಟುಮಾಡುವುದೆಂದು ಬೆಂಗಳೂರಿನಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ಆದರೂ ಬಾಧಿತರಲ್ಲಿ ಹಲವರು ಇದನ್ನು ಬರಿಯ ನೆಗಡಿಯೆಂದು ಬಗೆಯುತ್ತಾರೆ. ಇಲ್ಲವೆ ಎದ್ದು ಕಾಣುವ ಬಣ್ಣದ ಹೂವುಗಳನ್ನು ದೂಷಿಸುತ್ತಾರೆ. ಅಂಥ ಹೂವುಗಳ ಪರಾಗವು ಸಾಮಾನ್ಯವಾಗಿ ಭಾರವಾಗಿದ್ದು ಕೀಟಗಳಿಂದ ಸಾಗುತ್ತದೆ. ಗಾಳಿಗೆ ಹಾರುವುದು ಹುಲ್ಲು, ಕಳೆ ಮುಂತಾದವುಗಳ ಅನಾಕರ್ಷಕ ಹೂವುಗಳ ಪರಾಗವೇ ಹೆಚ್ಚು. ಕಾರಣವನ್ನು ತಪ್ಪಾಗಿ ಹಿಡಿದವರು ವರ್ಷವರ್ಷವೂ ವ್ಯರ್ಥವಾಗಿ ನರಳುತ್ತಾರೆ.

ಆದಕಾರಣ ಬಾಧಿತರು ಮೊದಲು ಮಾಡತಕ್ಕದ್ದು ಬ್ಲ್ಯಾಕ್ಲಿಯಂತೆ ದಿನಚರಿಯನ್ನು ಬರೆದಿಡುವುದು: ಬಾಧೆಯು ಯಾವ ತಿಂಗಳಲ್ಲಿ, ಯಾವ ಸ್ಥಳದಲ್ಲಿ, ಎಂಥ ಹವೆಯಲ್ಲಿ ಹೆಚ್ಚುತ್ತದೆ ಎಂಬುದನ್ನು ಗುರುತುಮಾಡಬೇಕು. ಆದರೆ ಆತನಂತೆ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಳ್ಳಬಾರದು. ಚರ್ಮಪರೀಕ್ಷೆಯನ್ನು ತಜ್ಞರಿಂದಲೇ ಮಾಡಿಸಬೇಕು. ಪರಾಗಕಾಲದಲ್ಲಿ ಒಣಗಾಳಿ ಬೀಸುವಾಗ ಕಿಟಕಿಗಳನ್ನು ಮುಚ್ಚುವುದು, ಹೊರಗಿನಿಂದ ಬಂದೊಡನೆ ಸ್ನಾನಮಾಡಿ ಬಟ್ಟೆ ಬದಲಾಯಿಸುವುದು, ಕುದಿಸಿ ಆರಿಸಿದ ಉಪ್ಪುನೀರಿನಿಂದ ಮೂಗನ್ನು ತೊಳೆಯುವುದು ಹಿತಕರ. ಹಿಸ್ಟಮಿನ್ ನಿರೋಧಕ ಮಾತ್ರೆಗಳಲ್ಲಿ ಹೊಸವು ಹಳೆಯವುಗಳಷ್ಟು ನಿದ್ರೆ ತರುವುದಿಲ್ಲ. ವೈದ್ಯರು ಸೂಚಿಸುವ ಸ್ಟೀರಾಯ್ಡ್ ಸಿಂಪರಣೆಯನ್ನು ಪರಾಗಕಾಲಕ್ಕೆ ಒಂದೆರಡು ವಾರ ಮೊದಲೇ ಆರಂಭಿಸಿ, ದಿನವೂ ತಪ್ಪದೆ ಬಳಸಿದರೆ ಗುಣ ಹೆಚ್ಚು. ಕಟ್ಟಿದ ಮೂಗನ್ನು ತಟ್ಟನೆ ಬಿಡಿಸುವ ಹನಿಗಳನ್ನು ಮಾತ್ರ ಕೆಲವೇ ದಿನಗಳಿಗಿಂತ ಹೆಚ್ಚು ಕಾಲ ಹಾಕಿಕೊಂಡರೆ ಮೂಗು ಮತ್ತಷ್ಟು ಕಟ್ಟುತ್ತದೆ. ಇವುಗಳಿಂದ ಶಮನವಾಗದವರಿಗೆ ನೂನನ ಮಾರ್ಗದ ಚಿಕಿತ್ಸೆಯುಂಟು. ಅದು ಸಾಮಾನ್ಯವಾಗಿ ಮೂರು ವರ್ಷಗಳಷ್ಟು ದೀರ್ಘವಾದುದು, ವೈದ್ಯರ ನಿಗಾದಲ್ಲಿಯೇ ನಡೆಯತಕ್ಕದ್ದು. ಎದೆ ಬಿಗಿದು ಉಬ್ಬಸವೆದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಬಾಸ್ಟಾಕನು ತನ್ನ ಬಾಧೆಯನ್ನು ಪ್ರಾಮಾಣಿಕವಾಗಿ ದಾಖಲಿಸಿದನು. ಆತನ ನಿರ್ಣಯವು ತಪ್ಪಾದರೂ ದಾಖಲೆಯು ಸುಳ್ಳಾಗಲಿಲ್ಲ. ಮುಂದಿನವರು ಅದರ ಮೇಲೆ ನಿಂತೇ ಸತ್ಯವನ್ನು ಕಂಡರು.