ಮಣ್ಣು ಕೊಟ್ಟು ಬಂದ ಮೇಲೆ

ಸಿಂಧನೂರು ಕಡೆಯ ಊರುಗಳಲ್ಲಿ ಸಾವಾದ ಮನೆಯ ಒಲೆ ಹೊತ್ತುವುದಿಲ್ಲ. ನೆರೆಯವರೋ ಬೀಗರೋ ಬುತ್ತಿ ತರುತ್ತಾರೆ. ರಾತ್ರಿಯಿಡೀ ಭಜನೆ, ತತ್ವಪದ. ಹೆಂಗಸರು ಸತ್ತವರ ಗುಣ ಎತ್ತಿ ಆಡ್ಯಾಡಿ ಅಳುತ್ತಾರೆ. ಮಣ್ಣಿಗೆ ಬರಲಾಗದವರು ಆಮೇಲೆ ಮಾತಾಡಿಸಲು ಬರುತ್ತಾರೆ. ದಿವಸ ಮುಗಿದ ಮರುದಿನ ಎಲ್ಲರೂ ಬಸ್ ಹತ್ತುತ್ತಾರೆ. ನಿಜವಾದ ಕಷ್ಟ ಶುರುವಾಗುವುದು ಆ ಬಸ್ಸು ಹೋದ ಮೇಲೆ.

ಈ ಹೊತ್ತಿಗೆ ಅವರು ಹೊಲದಿಂದ ಬರುತ್ತಾರೆ ಎಂಬ ಲೆಕ್ಕವನ್ನು ಮಿದುಳು ವರ್ಷಗಟ್ಟಲೆ ಇಟ್ಟುಕೊಂಡಿರುತ್ತದೆ. ಸುದ್ದಿ ಒಂದೇ ಗಳಿಗೆಯಲ್ಲಿ ತಿಳಿದೀತು, ಲೆಕ್ಕ ಅಷ್ಟು ಬೇಗ ಅಳಿಯದು. ಬೈಕ್ ಸದ್ದಿಗೆ ಬಾಗಿಲತ್ತ ನೋಡುವುದು, ಎರಡು ರೊಟ್ಟಿ ಹೆಚ್ಚಿಗೆ ಬಡಿಯುವುದು ಹುಚ್ಚಲ್ಲ. ದೇಹವೂ ದುಃಖ ಪಡುತ್ತದೆ. ಆಘಾತಕ್ಕೆ ಹೃದಯದ ಎಡ ಕೋಣೆ ಉಬ್ಬಿ ಸೋಲುವುದುಂಟು. ಜಪಾನಿನ ವೈದ್ಯರು 1990ರಲ್ಲಿ ಇದಕ್ಕೆ ಆಕ್ಟೋಪಸ್ ಹಿಡಿಯುವ ಮಡಕೆಯ ಹೆಸರನ್ನೇ ಇಟ್ಟರು: ‘ತಕೋತ್ಸುಬೊ’. ಹಾಗಾಗಿ ಸಾವಿನ ಮನೆಯಲ್ಲಿ ಯಾರಿಗಾದರೂ ಎದೆ ನೋವು ಬಂದರೆ ‘ದುಃಖಕ್ಕೆ’ ಎಂದು ಕೂರಬಾರದು, ಆಸ್ಪತ್ರೆಗೆ ಕರೆದೊಯ್ಯಬೇಕು.

ದುಃಖಕ್ಕೆ ಐದು ಮೆಟ್ಟಿಲು ಎನ್ನುವ ಮಾತು ಬಹಳ ಓಡಾಡಿದೆ. 1969ರಲ್ಲಿ ಎಲಿಸಬೆತ್ ಕ್ಯೂಬ್ಲರ್-ರಾಸ್ ಅದನ್ನು ಬರೆದದ್ದು ತಾವೇ ಸಾಯಲಿದ್ದ ರೋಗಿಗಳ ಜೊತೆ ಮಾತಾಡಿ. ಉಳಿದವರ ದುಃಖಕ್ಕೆ ಅದನ್ನು ಅಂಟಿಸಿದ್ದು ಆಮೇಲೆ. 1999ರಲ್ಲಿ ನೆದರ್ಲೆಂಡ್ಸಿನ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಕೊಟ್ಟ ಚಿತ್ರ ನನಗೆ ಹೆಚ್ಚು ಒಪ್ಪಿಗೆ: ಮನಸ್ಸು ಅಗಲಿಕೆಗೂ ಬದುಕಿಗೂ ನಡುವೆ ಜೋಕಾಲಿಯಂತೆ ತೂಗುತ್ತದೆ. ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಭತ್ತದ ನಾಟಿ ಯಾರ ಸಾವಿಗೂ ಕಾಯದು. ಗಂಡನನ್ನು ಕಳೆದುಕೊಂಡವಳು ಗದ್ದೆಯಲ್ಲಿ ಗೆಳತಿಯರ ಮಾತಿಗೆ ನಗುತ್ತಾಳೆ, ಸಂಜೆ ಅವನ ಎಲೆಅಡಿಕೆ ಚೀಲ ಕಂಡು ಕುಸಿಯುತ್ತಾಳೆ. ‘ಇಷ್ಟ್ ಲಗೂನ ಮರತಳು ನೋಡು’ ಎನ್ನುವ ಬಾಯಿಗೆ ಎರಡೂ ದುಃಖದ ಭಾಗವೇ ಎಂಬುದು ಗೊತ್ತಿರುವುದಿಲ್ಲ.

ಬದುಕಿನತ್ತ ತೂಗಿದಾಗಿನ ಕೆಲಸಗಳೂ ಭಾರವೇ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು, ಪೌತಿ ಖಾತೆ, ವಿಧವಾ ವೇತನ, ಬ್ಯಾಂಕು. ತಹಶೀಲ್ದಾರ್ ಕಚೇರಿಗೆ ಜೊತೆಗೆ ಬರುವ ಒಬ್ಬ ಮನುಷ್ಯ ನೂರು ಸಾಂತ್ವನಕ್ಕಿಂತ ಮೇಲು.

ಸತ್ತವರಿಂದ ಮನಸ್ಸು ಬಿಡಿಸಿಕೊಳ್ಳಬೇಕೆಂದು ಹಿಂದಿನ ಮನೋವಿಜ್ಞಾನ ಹೇಳುತ್ತಿತ್ತು. ನಂಟು ಬೇರೆ ರೂಪದಲ್ಲಿ ಉಳಿಯುವುದೇ ಸಹಜ ಎಂಬ ವಿಚಾರ 1996ರ ಹೊತ್ತಿಗೆ ಗಟ್ಟಿಯಾಯಿತು. ಇದೇ ಸೀಮೆಯ ಮಸ್ಕಿಯಲ್ಲಿ 1954ರ ಉತ್ಖನನ ಬೃಹತ್ ಶಿಲಾಯುಗದ ಸಮಾಧಿಗಳನ್ನು ತೆರೆದಾಗ ಸತ್ತವರ ಜೊತೆ ಇಟ್ಟ ಮಡಕೆಗಳು ಸಿಕ್ಕವು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವವರಿಗೆ ಅದು ಹೊಸದೇನಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಂತೂ 680ರ ಕರ್ಬಲಾ ಯುದ್ಧದಲ್ಲಿ ಮಡಿದವರ ನೆನಪಿಗೆ ಪ್ರತಿ ಮೊಹರಂನಲ್ಲೂ ಹಿಂದೂ ಮುಸ್ಲಿಮರು ಕೂಡಿಯೇ ಸೇರುತ್ತಾರೆ.

ಆದರೂ ಕೆಲವರ ಜೋಕಾಲಿ ಒಂದೇ ಕಡೆ ನಿಂತುಬಿಡುತ್ತದೆ. ಆರು ತಿಂಗಳು ದಾಟಿದರೂ ತೀವ್ರ ಹಂಬಲ ತಗ್ಗದೆ ದಿನನಿತ್ಯದ ಬದುಕೇ ನಿಂತರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಚಿಕಿತ್ಸೆ ಬೇಕಾದ ಸ್ಥಿತಿ ಎನ್ನುತ್ತದೆ; ಅಮೆರಿಕದ ಮನೋವೈದ್ಯರ ಲೆಕ್ಕದಲ್ಲಿ, ದೊಡ್ಡವರಿಗೆ, ಒಂದು ವರ್ಷ. ಸಾಯುವ ಮಾತು ಬಂದರೆ ಮಾತ್ರ ಒಂದು ದಿನವೂ ಕಾಯುವಂತಿಲ್ಲ. ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.

ನಂಟರು, ಗೆಳೆಯರು ತಿಂಗಳು ಕಳೆದ ಮೇಲೆ ಒಂದು ಸಂಜೆ ಆ ಮನೆಗೆ ಹೋಗಿ. ‘ಧೈರ್ಯ ತಗೋರಿ’ ಅಷ್ಟರಲ್ಲಿ ಅವರಿಗೆ ಸಾಕಾಗಿರುತ್ತದೆ. ಸತ್ತವರ ಹೆಸರು ಹಿಡಿದೇ, ಅವರೊಂದಿಗೆ ಸಂತೆಗೆ ಹೋಗಿ ಎತ್ತಿನ ವ್ಯಾಪಾರದಲ್ಲಿ ಮೋಸಹೋದ ಕತೆ ಹೇಳಿ. ಮನೆಯವರು ಅದನ್ನು ಕೇಳಿರಲಾರರು.