ಔದ್ಯೋಗಿಕ ಒಡ್ಡಿಕೆಯ ಮಿತಿ

ಔದ್ಯೋಗಿಕ ಒಡ್ಡಿಕೆಯ ಮಿತಿ ಎಂಬುದು ಕೆಲಸದ ಸ್ಥಳದ ಗಾಳಿಯಲ್ಲಿ ಒಂದು ಅಪಾಯಕಾರಿ ರಾಸಾಯನಿಕವು ಇರಬಹುದಾದ ಗರಿಷ್ಠ ಪ್ರಮಾಣವಾಗಿದೆ. ಅನಿಲ ಮತ್ತು ಆವಿಗಳನ್ನು ದಶಲಕ್ಷ ಭಾಗ ಗಾಳಿಯಲ್ಲಿ ಎಷ್ಟು ಭಾಗ (ಪಿಪಿಎಂ) ಎಂದೂ, ಧೂಳು ಮತ್ತು ತುಂತುರನ್ನು ಒಂದು ಘನಮೀಟರ್ ಗಾಳಿಯಲ್ಲಿ ಎಷ್ಟು ಮಿಲಿಗ್ರಾಂ ಎಂದೂ ಅಳೆಯಲಾಗುತ್ತದೆ. ಭಾರತದಲ್ಲಿ ಈ ಮಿತಿಗಳು ಕಾರ್ಖಾನೆಗಳಿಗಾಗಿ ರೂಪುಗೊಂಡವು. ಕೊಡಗು ಜಿಲ್ಲೆಯಲ್ಲಿ ಇಂತಹ ರಾಸಾಯನಿಕಗಳ ಬಳಕೆ ಹೆಚ್ಚಾಗಿರುವುದು ಕಾಫಿ ತೋಟಗಳಲ್ಲಿ. ಅಲ್ಲಿನ ಕಾರ್ಮಿಕರ ರಕ್ಷಣೆಯು ಬೇರೆ ಕಾನೂನುಗಳನ್ನು ಅವಲಂಬಿಸಿದೆ.

ಮಿತಿಯ ಬಗೆಗಳು

ಸಾಮಾನ್ಯವಾಗಿ ಎರಡು ಮಿತಿಗಳನ್ನು ನಿಗದಿಪಡಿಸಲಾಗುತ್ತದೆ. ಮೊದಲನೆಯದು ದಿನಕ್ಕೆ 8 ಗಂಟೆಗಳ ಕೆಲಸದ ಸರಾಸರಿ. ಎರಡನೆಯದು 15 ನಿಮಿಷಗಳ ಅಲ್ಪಾವಧಿ ಮಿತಿ. ಅಮೋನಿಯಾ ಅನಿಲಕ್ಕೆ ಇವು ಕ್ರಮವಾಗಿ 25 ಮತ್ತು 35 ಪಿಪಿಎಂ. ಕಾರ್ಮಿಕನೊಬ್ಬ 4 ಗಂಟೆ ಕಾಲ 40 ಪಿಪಿಎಂ ಮತ್ತು ಉಳಿದ 4 ಗಂಟೆ 5 ಪಿಪಿಎಂ ಅಮೋನಿಯಾ ಸೇವಿಸಿದರೆ ದಿನದ ಸರಾಸರಿ 22.5 ಆಗುತ್ತದೆ. ಇದು ಮೊದಲ ಮಿತಿಯೊಳಗೇ ಇದ್ದರೂ ಎರಡನೆಯದನ್ನು ಮೀರಿದೆ. ಸರಾಸರಿಯನ್ನು ಮಾತ್ರ ನೋಡುವ ತಪಾಸಣೆ ಏಕೆ ಸಾಲದು ಎಂಬುದು ಇದರಿಂದ ತಿಳಿಯುತ್ತದೆ.

ಕೆಲವು ವಸ್ತುಗಳ ಹೆಸರಿನ ಮುಂದೆ 'ಚರ್ಮ' ಎಂಬ ಸೂಚನೆ ಇರುತ್ತದೆ. ಆ ವಸ್ತು ಉಸಿರಿನ ಮೂಲಕವಷ್ಟೇ ಅಲ್ಲದೆ ಚರ್ಮದ ಮೂಲಕವೂ ದೇಹವನ್ನು ಸೇರುತ್ತದೆ ಎಂದು ಇದರ ಅರ್ಥ. ಹೆಚ್ಚಿನ ಕೀಟನಾಶಕಗಳು ಈ ಗುಂಪಿನವು. ಇಂತಹ ವಸ್ತುಗಳ ವಿಷಯದಲ್ಲಿ ಗಾಳಿಯ ಅಳತೆ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ.

ಹಿನ್ನೆಲೆ

ಅಮೆರಿಕದ ಸರ್ಕಾರಿ ಕೈಗಾರಿಕಾ ನೈರ್ಮಲ್ಯ ತಜ್ಞರ ಸಂಘಟನೆಯೊಂದು 1946ರಲ್ಲಿ ಇಂತಹ ಮಿತಿಗಳ ಪಟ್ಟಿಯನ್ನು ಹೊರತಂದಿತು. ಅನೇಕ ದೇಶಗಳು ಅದನ್ನೇ ಆಧಾರವಾಗಿ ಇಟ್ಟುಕೊಂಡವು. ಭಾರತದಲ್ಲಿ 1984ರ ಭೋಪಾಲ್ ಅನಿಲ ದುರಂತದ ನಂತರ, 1948ರ ಕಾರ್ಖಾನೆಗಳ ಕಾಯಿದೆಗೆ 1987ರಲ್ಲಿ ತಿದ್ದುಪಡಿ ತಂದು 41-ಎಫ್ ಕಲಮು ಮತ್ತು ಮಿತಿಗಳ ಅನುಸೂಚಿಯನ್ನು ಸೇರಿಸಲಾಯಿತು. ಭೋಪಾಲಿನಲ್ಲಿ ಸೋರಿದ ಮೀಥೈಲ್ ಐಸೋಸಯನೇಟ್‌ಗೆ ಅದರಲ್ಲಿ 0.02 ಪಿಪಿಎಂ ಮಿತಿ ವಿಧಿಸಲಾಗಿತ್ತು. ಕೀಟನಾಶಕಗಳಲ್ಲಿ ಮೆಲಾಥಿಯಾನ್‌ಗೆ 10 ಮಿಲಿಗ್ರಾಂ, ಲಿಂಡೇನ್‌ಗೆ 0.5, ಪ್ಯಾರಾಥಿಯಾನ್ ಮತ್ತು ಎಂಡೋಸಲ್ಫಾನ್‌ಗೆ 0.1 ಮಿಲಿಗ್ರಾಂ ಮಿತಿಯಿತ್ತು. ಒಂದೇ ವರ್ಗಕ್ಕೆ ಸೇರಿದ ಮೆಲಾಥಿಯಾನ್ ಮತ್ತು ಪ್ಯಾರಾಥಿಯಾನ್‌ಗಳ ನಡುವೆ ನೂರು ಪಟ್ಟು ಅಂತರವಿರುವುದು ಗಮನಾರ್ಹ.

ಕೊಡಗಿನ ಕಾಫಿ ತೋಟಗಳಲ್ಲಿ

ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿರುವಂತಹ ಕಾಫಿ ಸಂಸ್ಕರಣಾ ಘಟಕಗಳು ಕಾನೂನಿನ ದೃಷ್ಟಿಯಲ್ಲಿ ಕಾರ್ಖಾನೆಗಳು. ಅವುಗಳಿಗೆ ಕಾಫಿ ಪೂರೈಸುವ ತೋಟಗಳು ಹಾಗಲ್ಲ. ಅರೇಬಿಕಾ ಗಿಡಗಳನ್ನು ಕಾಡುವ ಬಿಳಿ ಕಾಂಡಕೊರಕದ ನಿಯಂತ್ರಣಕ್ಕೆ ಲಿಂಡೇನ್ ಅನ್ನು ದೀರ್ಘಕಾಲ ಬಳಸಲಾಗುತ್ತಿತ್ತು. ಅದು ನಿಷೇಧಗೊಂಡ ಮೇಲೆ ಕ್ಲೋರ್‌ಪೈರಿಫಾಸ್ ಬಳಕೆ ಮುಂದುವರಿದಿದೆ. ಕೀಟ ಹಾರಾಡುವ ಕಾಲದಲ್ಲಿ, ಅಂದರೆ ಏಪ್ರಿಲ್-ಮೇ ಹಾಗೂ ಮಳೆಗಾಲ ಮುಗಿದ ಅನಂತರದ ತಿಂಗಳುಗಳಲ್ಲಿ, ಕಾಂಡಕ್ಕೆ ಔಷಧಿ ಹೊಡೆಯುತ್ತಾರೆ. ಎಲೆತುಕ್ಕು ರೋಗಕ್ಕೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಶೇ. 0.5ರ ಬೋರ್ಡೋ ದ್ರಾವಣವನ್ನು ಎಲೆಯ ಅಡಿಭಾಗಕ್ಕೆ ತಗಲುವಂತೆ ಕೆಳಗಿನಿಂದ ಮೇಲಕ್ಕೆ ಸಿಂಪಡಿಸಲಾಗುತ್ತದೆ. ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿಗಂತೂ ತಲೆಯೆತ್ತಿಯೇ ಹೊಡೆಯಬೇಕು. ತುಂತುರು ಮುಖ, ಕತ್ತು, ತೋಳುಗಳ ಮೇಲೆ ಬೀಳುತ್ತದೆ. ಬೋರ್ಡೋ ದ್ರಾವಣ ನಿರುಪದ್ರವಿ ಎಂಬ ನಂಬಿಕೆ ಪೂರ್ಣ ಸರಿಯಲ್ಲ. ಪೋರ್ಚುಗಲ್ ದೇಶದ ದ್ರಾಕ್ಷಿ ತೋಟಗಳಲ್ಲಿ ಇದನ್ನು ಸಿಂಪಡಿಸುತ್ತಿದ್ದವರಲ್ಲಿ ಶ್ವಾಸಕೋಶದ ರೋಗವೊಂದು 1969ರಲ್ಲಿಯೇ ವರದಿಯಾಗಿದೆ.

ತೋಟದ ಬಯಲು ಗಾಳಿಯಲ್ಲಿ ರಾಸಾಯನಿಕದ ಸಾಂದ್ರತೆ ಗಾಳಿಯ ದಿಕ್ಕಿನೊಡನೆ ಬದಲಾಗುತ್ತದೆ, ಕೆಲಸದ ಜಾಗವೂ ಗಿಡದಿಂದ ಗಿಡಕ್ಕೆ ಸರಿಯುತ್ತದೆ. ಆದ್ದರಿಂದ ಇಲ್ಲಿ ಗಾಳಿಯ ಮಿತಿಗಿಂತ ರಕ್ತಪರೀಕ್ಷೆಯೇ ಹೆಚ್ಚು ಉಪಯುಕ್ತ. ಕ್ಲೋರ್‌ಪೈರಿಫಾಸ್‌ನಂತಹ ಆರ್ಗ್ಯಾನೋಫಾಸ್ಫೇಟ್‌ಗಳು ನರಗಳ ಕಾರ್ಯಕ್ಕೆ ಅಗತ್ಯವಾದ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ತಡೆಯುತ್ತವೆ. ರಕ್ತದಲ್ಲಿ ಇದರ ಚಟುವಟಿಕೆ ಆ ವ್ಯಕ್ತಿಯ ಮೂಲಮಟ್ಟದ ಶೇ. 70ಕ್ಕೆ ಇಳಿದರೆ ಅದನ್ನು ಎಚ್ಚರಿಕೆಯ ಗೆರೆ ಎಂದು ಪರಿಗಣಿಸಲಾಗುತ್ತದೆ. ಮೂಲಮಟ್ಟವು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಿರುವುದರಿಂದ ಸಿಂಪರಣೆ ಆರಂಭವಾಗುವ ಮೊದಲೇ ಒಮ್ಮೆ ಪರೀಕ್ಷಿಸಿಕೊಳ್ಳದಿದ್ದರೆ ನಂತರದ ಪರೀಕ್ಷೆಗೆ ಹೋಲಿಕೆಯೇ ಇರುವುದಿಲ್ಲ.

1971ರ ಕೀಟನಾಶಕ ನಿಯಮಗಳು ಸಿಂಪರಣೆ ಮಾಡುವವರಿಗೆ ಕೆಲಸಕ್ಕೆ ಸೇರುವ ಮೊದಲು ಹಾಗೂ ನಿಯತಕಾಲಿಕವಾಗಿ ವೈದ್ಯಕೀಯ ತಪಾಸಣೆಯನ್ನೂ, ಆರ್ಗ್ಯಾನೋಫಾಸ್ಫೇಟ್ ಬಳಸುವವರಿಗೆ ಕೋಲಿನೆಸ್ಟರೇಸ್ ಪರೀಕ್ಷೆಯನ್ನೂ ವಿಧಿಸುತ್ತವೆ. 1951ರ ತೋಟ ಕಾರ್ಮಿಕರ ಕಾಯಿದೆಗೆ 2010ರಲ್ಲಿ ಕೀಟನಾಶಕ ಸುರಕ್ಷತೆಯ ಅಧ್ಯಾಯವನ್ನು ಸೇರಿಸಲಾಯಿತಾದರೂ ಆ ಕಾಯಿದೆಯ ವ್ಯಾಪ್ತಿ 5 ಹೆಕ್ಟೇರ್ ಅಥವಾ ಅದಕ್ಕೂ ದೊಡ್ಡ ತೋಟಗಳಿಗೆ ಸೀಮಿತವಾಗಿತ್ತು. ಕಾರ್ಖಾನೆ ಮತ್ತು ತೋಟಗಳ ಕಾಯಿದೆಗಳೆರಡನ್ನೂ ಒಳಗೊಳ್ಳುವ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿಯೂ ತೋಟಕ್ಕೆ 5 ಹೆಕ್ಟೇರ್‌ಗಳ ಗೆರೆಯೇ ಇದೆ. ಅದಕ್ಕಿಂತ ಚಿಕ್ಕ ಹಿಡುವಳಿಗಳಲ್ಲಿ ದಿನಗೂಲಿಗೆ ಔಷಧಿ ಹೊಡೆಯುವವರಿಗೆ ಕೀಟನಾಶಕ ನಿಯಮಗಳೇ ಮುಖ್ಯ ಆಸರೆ.

ಮಿತಿಗಳ ವ್ಯಾಪ್ತಿ

ಔದ್ಯೋಗಿಕ ಮಿತಿಗಳನ್ನು ಆರೋಗ್ಯವಂತ ವಯಸ್ಕರು ಕೆಲಸ ಮುಗಿಸಿ ಶುದ್ಧ ಗಾಳಿಗೆ ಮರಳುತ್ತಾರೆ ಎಂಬ ಎಣಿಕೆಯ ಮೇಲೆ ರೂಪಿಸಲಾಗಿದೆ. ತೋಟದೊಳಗಿನ ಲೈನ್‌ಮನೆಗಳಲ್ಲಿ ವಾಸಿಸುವ ಕುಟುಂಬಗಳಿಗೆ, ಮುಖ್ಯವಾಗಿ ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ ಈ ಎಣಿಕೆ ಹೊಂದುವುದಿಲ್ಲ. ಕಾಸರಗೋಡು ಜಿಲ್ಲೆಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಿದಾಗ ಎಣ್ಮಕಜೆ ಮುಂತಾದ ಗ್ರಾಮಗಳಲ್ಲಿ ಅದಕ್ಕೆ ಒಡ್ಡಿಕೊಂಡವರಲ್ಲಿ ತೋಟದ ಕಾರ್ಮಿಕರಲ್ಲದವರೂ ಬಹಳ ಮಂದಿ ಇದ್ದರು. ಸರ್ವೋಚ್ಚ ನ್ಯಾಯಾಲಯವು 2011ರ ಮೇ 13ರಂದು ದೇಶದಾದ್ಯಂತ ಎಂಡೋಸಲ್ಫಾನ್ ಉತ್ಪಾದನೆ, ಮಾರಾಟ ಮತ್ತು ಬಳಕೆಯನ್ನು ತಡೆಹಿಡಿಯಿತು.